ಮಂಡಿಗೆ ಹಚ್ಚುವ ಎಣ್ಣೆ

ಅಮ್ಮ,

ಮಿಷನ್‌ನವರು ಈಗ ನನ್ನನ್ನು ಉಬಿನ್ ದ್ವೀಪದ ಸೇವೆಗೆ ಹಾಕಿದ್ದಾರೆ. ಚಾಂಗಿಯಿಂದ ದೋಣಿಯಲ್ಲಿ ಬರಬೇಕು. ಇರುವುದು ವಯಸ್ಸಾದವರ ಕೆಲವು ಮನೆಗಳು, ಕರೆಂಟಿಗೆ ಜನರೇಟರು. ಸಿಂಗಾಪುರ ಎಂದರೆ ಬರೀ ಕಟ್ಟಡ ಎನ್ನುತ್ತಿದ್ದೆಯಲ್ಲ, ಇಲ್ಲಿ ಹಲಸಿನ ಮರವೂ ಇದೆ.

ಇಂದು ಪಕ್ಕದ ಮನೆಯ ಲಿಮ್ ಆಂಟಿ ಊಟಕ್ಕೆ ಕರೆದಿದ್ದರು. ಉಣ್ಣುವ ಮುಂಚೆ ನಾನೇ ಪ್ರಾರ್ಥನೆ ಮಾಡಿದೆ. ಅನ್ನಕ್ಕೆ, ಮೀನಿಗೆ, ಆ ಮನೆಗೆ ಸ್ತೋತ್ರ ಹೇಳಿ, ಎಂದಿನ ರೂಢಿಯಲ್ಲಿ, "ಉಡುಪಿಯಲ್ಲಿರುವ ಅಮ್ಮನ ಮಂಡಿನೋವು ವಾಸಿಮಾಡು ಕರ್ತನೇ" ಎಂದುಬಿಟ್ಟೆ. ನಿನ್ನನ್ನು ಮಣ್ಣು ಮಾಡಿ ತಿಂಗಳಾಯಿತೆಂದು ಆಮೆನ್ ಅಂದ ಮೇಲೆ ನೆನಪಾಯಿತು.

ಆಂಟಿ ಎದ್ದು ಹೋಗಿ ಒಂದು ಎಣ್ಣೆ ಬಾಟಲಿ ತಂದರು. "ಮದರ್‌ಗೆ ಕಳಿಸು. ರಾತ್ರಿ ಹಚ್ಚಿದ್ರೆ ಬೆಳಿಗ್ಗೆ ಓಕೆ ಲಾ."

"ಥ್ಯಾಂಕ್ಸ್ ಆಂಟಿ" ಎಂದೆ. ಮೀನು ಚೆನ್ನಾಗಿತ್ತು.

ಅಣ್ಣ ಕಳಿಸಿದ, ನಿನ್ನನ್ನು ಮಣ್ಣು ಮಾಡಿದ ದಿನದ ಫೋಟೊಗಳನ್ನು ನಾನಿನ್ನೂ ತೆರೆದಿಲ್ಲ. ದ್ವೀಪದಲ್ಲಿ ಸಿಗ್ನಲ್ ಸಿಗುವುದಿಲ್ಲ ಎಂದು ಅವನಿಗೆ ಹೇಳಿದ್ದೇನೆ. ಸಿಗುತ್ತದೆ.

ಮುಂದಿನ ಭಾನುವಾರವೂ ಆಂಟಿ ಊಟಕ್ಕೆ ಕರೆದಿದ್ದಾರೆ. ನಿನ್ನ ನೋವು ಹೇಗಿದೆ ಎಂದು ಕೇಳಿಯೇ ಕೇಳುತ್ತಾರೆ. ಈಗ ನೋವಿಲ್ಲ ಎನ್ನುತ್ತೇನೆ. ಅದೇನು ಸುಳ್ಳಲ್ಲವಲ್ಲ, ಅಮ್ಮ.