ಈಜುಕೊಳದ ಎಣ್ಣೆಸ್ನಾನ

ಭಾನುವಾರ, ಅಕ್ಟೋಬರ್ ೧೨, ೨೦೨೫

ತನ್ವಿಯ ಅಪ್ಪನಿಗೆ ವೇದವತಿಯ ನಮಸ್ಕಾರ.

ನಾನು ಚೆನ್ನಾಗಿದ್ದೇನೆ ಎಂದು ಬರೆಯಬೇಕು, ಬರೆದಿದ್ದೇನೆ. ನಿಜ ಹೇಳಬೇಕೆಂದರೆ ನರ್ಸಿಂಗ್ ಹೋಮಿನಲ್ಲಿ ಡಬಲ್ ಶಿಫ್ಟು ಮುಗಿಸಿ ಬಂದು, ಕಾಲುಗಳನ್ನು ಬಿಸಿನೀರಿನ ಬಕೆಟ್ಟಿನಲ್ಲಿ ಇಳಿಬಿಟ್ಟು ಕೂತಿದ್ದೇನೆ. ಫೋನಿನಲ್ಲಾದರೆ ನೀವು ನಡುವೆ ಬಾಯಿ ಹಾಕುತ್ತೀರಿ. ಅದಕ್ಕೇ ಈ ಕಾಗದ.

ನಿಮ್ಮ ಮಾತನ್ನು ತನ್ವಿ ಮುಟ್ಟಿಸಿದಳು. ಕಾರ್ಖಾನೆ ಬೀದಿಯ ಹಳೆಯ ಈಜುಕೊಳವನ್ನು ಕೆಡವುತ್ತಾರಂತೆ, ಶನಿವಾರ ಕೊನೆಯ ದಿನವಂತೆ, ಊರಿನವರು ಒಬ್ಬೊಬ್ಬರಾಗಿ ಅಲ್ಲಿಯ ನೆನಪು ಹೇಳುತ್ತಾರಂತೆ. ನೀವು ನಮ್ಮ ಎಣ್ಣೆಸ್ನಾನದ ಕಥೆ ಹೇಳುವವರು. ನಾನು ಪಕ್ಕದಲ್ಲಿ ನಿಲ್ಲಬೇಕು. ಆಮೇಲೆ ನೀವೊಬ್ಬರೇ ಇರುವ ಪಿಕರಿಂಗಿನ ರೂಮು ಬಿಟ್ಟು, ಸೂಟ್‌ಕೇಸು ಸಮೇತ ಮನೆಗೆ ಬಂದು ದೀಪಾವಳಿ ಮಾಡುತ್ತೇನೆ ಎಂದಿರಂತೆ. ಅಮ್ಮಾ, ಪ್ಲೀಸ್, ಜಸ್ಟ್ ಸೇ ಯೆಸ್ ಎಂದು ಅವಳ ಒತ್ತಾಯ. ತನ್ವಿಯ ಅಪ್ಪನಿಗೆ ಅಲ್ಲಿಂದ ಆಫೀಸು ಹತ್ತಿರ ಎಂದು ಎರಡು ವರ್ಷದಿಂದ ಕೇಳಿದವರಿಗೆಲ್ಲ ಹೇಳಿ ಹೇಳಿ ನನಗೂ ಸಾಕಾಗಿದೆ.

ಆ ಕಥೆಯನ್ನು ನೀವು ಹೇಳುವ ರೀತಿ ನನಗೆ ಬಾಯಿಪಾಠ. ಕನ್ನಡ ಸಂಘದ ಊಟವಿರಲಿ, ಯಾರದೋ ಗೃಹಪ್ರವೇಶವಿರಲಿ, ಪಾಯಸ ಬರುವ ಹೊತ್ತಿಗೆ ಶುರು ಮಾಡುತ್ತೀರಿ. ಊರಿಂದ ಆಗಷ್ಟೇ ಬಂದ ಹೆಂಡತಿ, ತಲೆಗೆ ಎಣ್ಣೆ ಮೆತ್ತಿಕೊಂಡು ಈಜುಕೊಳಕ್ಕೆ ಇಳಿದುಬಿಟ್ಟಳು, ಕೊಳಕ್ಕೇ ಅಭ್ಯಂಜನವಾಯಿತು! ಎಲ್ಲರೂ ನಗುತ್ತಾರೆ. ನಾನೂ ನಕ್ಕು, ತಟ್ಟೆ ಎತ್ತಲು ಏಳುತ್ತೇನೆ.

ನಡೆದದ್ದೇ ಬೇರೆ. ಆಗ ನಾವು ಬೇಸ್‌ಮೆಂಟಿನಲ್ಲಿದ್ದೆವು. ನರಕ ಚತುರ್ದಶಿಯ ಬೆಳಿಗ್ಗೆ, ಜೆರಾರ್ಡ್ ಬಜಾರಿನ ನಮ್ಮ ದೇಶದವರ ಅಂಗಡಿಯಿಂದ ತಂದ ತೆಂಗಿನೆಣ್ಣೆಯನ್ನು ತಲೆಗೆ ಹಚ್ಚಿಕೊಂಡು ಆಗಿತ್ತು, ನೋಡಿದರೆ ನಲ್ಲಿಯಲ್ಲಿ ಬಿಸಿನೀರಿಲ್ಲ; ಇದ್ದಷ್ಟನ್ನೂ ಮೇಲಿನ ಮನೆಯವರು ಸ್ನಾನ ಮಾಡಿ ಖಾಲಿ ಮಾಡಿದ್ದರು. ಬೀದಿಯ ಕೊನೆಯ ಕಟ್ಟಡದ ಬಾಗಿಲ ಮೇಲೆ ‘ಪಬ್ಲಿಕ್ ಬಾತ್ಸ್’ ಎಂದು ಕೆತ್ತಿದ್ದನ್ನು ಓದಿದವರು ನೀವು. ಬಾತ್ಸ್ ಅಂದ್ರೆ ಸ್ನಾನವೇ ಅಲ್ವಾ ಮಾರಾಯ್ತಿ ಎಂದವರೂ ನೀವೇ. ಒಳಗೆ ಹೋದರೆ ಜನ ಈಜುತ್ತಿದ್ದಾರೆ. ನಾನು ಹಿಂಜರಿದೆ. ನಮ್ಮ ದೇವಸ್ಥಾನದ ಕೆರೆಯಲ್ಲಿ ಈಜುವವರೂ ಮೀಯುವವರೂ ಒಟ್ಟಿಗೇ ಇರುವುದಿಲ್ವಾ, ಇಳಿ ಎಂದಿರಿ. ಚೂಡಿದಾರದಲ್ಲೇ ಮುಳುಗಿ ಎದ್ದೆ. ಎಣ್ಣೆ ನೀರಿನ ಮೇಲೆಲ್ಲ ಹರಡಿತು. ಕಾವಲಿನವರು ಸೀಟಿ ಊದಿ ಮಕ್ಕಳನ್ನೆಲ್ಲ ಮೇಲೆ ಹತ್ತಿಸಿದರು.

ತಿರುಗಿ ನೋಡಿದರೆ ನೀವಿಲ್ಲ. ಟವೆಲು ನಿಮ್ಮ ಚೀಲದಲ್ಲಿತ್ತು. ನಾನು ಒದ್ದೆ ಬಟ್ಟೆಯಲ್ಲಿ ಗಡಗಡ ನಡುಗುತ್ತಾ, ಅರ್ಥವಾಗದ ಬೈಗುಳ ಕೇಳುತ್ತಾ ನಿಂತಿದ್ದೆ. ಎಲ್ಲ ತಣ್ಣಗಾದ ಮೇಲೆ ನೀವು ಗಂಡಸರು ಬಟ್ಟೆ ಬದಲಿಸುವ ಕೋಣೆಯ ಬಾಗಿಲಿನಿಂದ ತಲೆ ಬಾಚಿಕೊಂಡು ಬಂದಿರಿ. ನನ್ನ ಸಿಟ್ಟು ಆ ದಿನದ ಮೇಲಲ್ಲ. ಹೊಸ ದೇಶ, ನೀವೂ ಹೆದರಿದ್ದಿರಿ, ಅದು ನನಗೆ ಗೊತ್ತು. ಆದರೆ ಇಷ್ಟು ವರ್ಷ ಎಲ್ಲರೆದುರು ನಾನೊಬ್ಬಳೇ ಪೆದ್ದಿಯಾಗಿ ದಣಿದಿದ್ದೇನೆ.

ಶನಿವಾರ ಕಥೆ ಹೇಳುವುದಾದರೆ, ಬಾಗಿಲ ಮೇಲಿನ ಅಕ್ಷರ ಓದಿದ್ದು ಯಾರು ಎಂಬಲ್ಲಿಂದ ಶುರು ಮಾಡಿ. ಆಗದಿದ್ದರೆ ಹಬ್ಬ ಪಿಕರಿಂಗಿನಲ್ಲೇ ಮಾಡಿ. ನಾನು ಬೈಯುವುದಿಲ್ಲ, ಬೈಯುವುದಕ್ಕೂ ಶಕ್ತಿ ಬೇಕು.

ಇಂತಿ,
ವೇದವತಿ

ತಾ.ಕ.: ಲೈಬ್ರರಿಯಲ್ಲಿ ಒಬ್ಬ ಹೆಂಗಸು ಈ ನೆನಪುಗಳನ್ನೆಲ್ಲ ಬರೆದುಕೊಳ್ಳುತ್ತಿದ್ದಾರೆ. ನಿನ್ನೆ ನಾನೇ ಹೋಗಿ, ನನ್ನ ಹರಕುಮುರುಕು ಇಂಗ್ಲಿಷಿನಲ್ಲಿ ನಡೆದದ್ದನ್ನು ನಡೆದ ಹಾಗೆ ಹೇಳಿ ಬಂದೆ. ಅವರು ನಗಲಿಲ್ಲ. ನಿಮಗೆ ಯಾರೂ ಟವೆಲು ಕೊಡಲಿಲ್ಲವೇ ಎಂದು ಕೇಳಿದರು. ಅಷ್ಟಕ್ಕೇ ಅಲ್ಲೇ ಅತ್ತುಬಿಟ್ಟೆ. ಶನಿವಾರ ಬಂದವರನ್ನೆಲ್ಲ ಕೊನೆಯ ಸಲ ನೀರಿಗೆ ಬಿಡುತ್ತಾರಂತೆ. ನಾನು ಇಳಿಯುತ್ತೇನೆ, ಎಣ್ಣೆ ಇಲ್ಲದೆ. ಸೂಟ್‌ಕೇಸಿನ ಮಾತು ಆಮೇಲೆ. ಮೊದಲು ನೀವು ಟವೆಲು ಹಿಡಿದು ಮೆಟ್ಟಿಲ ಹತ್ತಿರ ನಿಂತಿರಿ.