ಅಕ್ಕನ ಹತ್ತಿಕಡ್ಡಿ

ಮಾರ್ಚ್ 3. ಬೆಳಿಗ್ಗೆ 7.30

ಮಹಾಜನರೇ, ಮುಂದಿನ ಸಾಲಿನವರೇ, ಹಿಂದೆ ನಿಂತವರೇ, ಕೇಳಿರಿ! ಎರಡೂ ಕೈಗಳನ್ನು ಬಿಸಿನೀರಿನ ಬಕೆಟ್ಟಿನಲ್ಲಿ ಮುಳುಗಿಸಿ ಅರ್ಧ ಗಂಟೆ ಕುಳಿತಿದ್ದೆ. ಈಗ ಪೆನ್ನು ಹಿಡಿಯುವಷ್ಟು ಬೆರಳು ಸಡಿಲ. ಸಂಧಿವಾತಕ್ಕೆ ಆರು ವರ್ಷ ತುಂಬಿತು. ರಂಗದ ಮೇಲೆ ಕತ್ತಿ ಬೀಸಿದ ಕೈ — ಟೂತ್‌ಪೇಸ್ಟಿನ ಮುಚ್ಚಳಕ್ಕೆ ಸೋಲುತ್ತದೆ.

ಆಸ್ಪತ್ರೆಯ ಸಂಶೋಧನೆಗೆ ಇವತ್ತು ಹತ್ತಿಕಡ್ಡಿ ಕಳಿಸಬೇಕು. ಕೆನ್ನೆಯ ಒಳಗೆ ಉಜ್ಜಿ ಕೊಳವೆಗೆ ಹಾಕುವುದು, ಅಷ್ಟೆ. ಡಾಕ್ಟರಮ್ಮ ವಿವರಿಸಿದ್ದು: ಜೀವಕೋಶದೊಳಗೆ ಮೈಟೋಕಾಂಡ್ರಿಯಾ ಎಂಬ ಪುಟ್ಟ ಪುಟ್ಟ ಒಲೆಗಳು. ಅವಕ್ಕೆ ತಮ್ಮದೇ ಡಿಎನ್‌ಎ. ಅದು ತಾಯಿಯಿಂದ ಮಾತ್ರ ಬರುವಂಥದ್ದು. ಅದರಲ್ಲಿನ ಸಣ್ಣ ವ್ಯತ್ಯಾಸ ಕೆಲವರ ಕೀಲುಗಳಿಗೆ ಬಾವು ಬರಲು ದಾರಿ ಮಾಡಿಕೊಡುತ್ತದೆಯೇ? ಗೊತ್ತಿಲ್ಲ. ಅದನ್ನೇ ಹುಡುಕುತ್ತಿದ್ದಾರೆ. ರೋಗವಿರುವ ನಾನು, ರೋಗವಿಲ್ಲದ ಅಕ್ಕ — ಒಂದೇ ತಾಯಿಯ ಡಿಎನ್‌ಎ ಇದ್ದೂ ಒಬ್ಬರಿಗೆ ಮಾತ್ರ ರೋಗ ಯಾಕೆ ಎಂದು ನೋಡಲು ಇಬ್ಬರದೂ ಬೇಕಂತೆ. ಅಕ್ಕ ತನ್ನ ಕಡ್ಡಿಯನ್ನು ಮನೆಗೆ ಒಯ್ದಿದ್ದಾಳೆ.

ಮಾರ್ಚ್ 27

ಡಾಕ್ಟರಮ್ಮನ ಫೋನ್. ಒಂದೇ ತಾಯಿಯ ಮಕ್ಕಳಲ್ಲಿ ಹೊಂದಬೇಕಾದದ್ದು ನಮ್ಮಿಬ್ಬರಲ್ಲಿ ಹೊಂದುತ್ತಿಲ್ಲವಂತೆ. ಸ್ಯಾಂಪಲ್ ಅದಲುಬದಲಾಗಿರಬಹುದು, ಇಬ್ಬರೂ ಇನ್ನೊಮ್ಮೆ ಕೊಡಿ ಎಂದರು. ಅದಲುಬದಲಾಗಿಲ್ಲದಿದ್ದರೆ ಎಂದೆ.

"ಮೊದಲು ಕೊಡಿ ಸರ್. ಆಮೇಲೆ ಮಾತಾಡೋಣ."

ಆಮೇಲೆ... ಏನು ಮಾತು?

ಮಾರ್ಚ್ 28

ಅಮ್ಮನ ಫೋಟೋ ಗೋಡೆಯಿಂದ ಇಳಿಸಿ ಕನ್ನಡಿಯ ಪಕ್ಕ ಇಟ್ಟೆ. ಮೂಗು ಅಕ್ಕನದು. ಗಲ್ಲ ಅಕ್ಕನದು. ನನ್ನದೆನ್ನಲು ಏನೂ ಇಲ್ಲ! ಹಾಗಾದರೆ ಐವತ್ತೆಂಟು ವರ್ಷ ಯಾರನ್ನು ಅಮ್ಮ ಎಂದು ಕರೆದೆ?

ಚಿಕ್ಕಮ್ಮನಿಗೆ ಫೋನ್ ಮಾಡಿದೆ. ಅಮ್ಮನ ಎರಡೂ ಹೆರಿಗೆಗೆ ಜೊತೆಗಿದ್ದವರು ಅವರೇ.

"ನಿನ್ನನ್ನ ಯಾರಾದ್ರೂ ಬೇಕು ಅಂತ ತಂದುಕೊಳ್ತಾರೇನೋ?" ಎಂದು ನಕ್ಕರು. ಮತ್ತೆ ಮತ್ತೆ ಕೇಳಿದ್ದಕ್ಕೆ ಫೋನ್ ಇಟ್ಟುಬಿಟ್ಟರು. ಆ ನಗು ಕೊಂಚ ಉದ್ದವಾಯಿತೇ?

ಏಪ್ರಿಲ್ 5, ಭಾನುವಾರ. ಮಧ್ಯಾಹ್ನ

ಹೇಳದೆ ಕೇಳದೆ ಅಕ್ಕನ ಮನೆಗೆ ನುಗ್ಗಿದೆ. ಮೂವತ್ತು ವರ್ಷದಿಂದ ಅಂಗಡಿಯೊಂದರಲ್ಲಿ ವಾಚ್ ರಿಪೇರಿ ಅವಳ ಕೆಲಸ. ಸೂಕ್ಷ್ಮವಾದವನ್ನು ಮನೆಗೆ ತರುತ್ತಾಳೆ. ಆದರೆ ಕಿಟಕಿಯ ಬಳಿ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕುಳಿತವರು ಭಾವ! ನಿವೃತ್ತ ಕಂಡಕ್ಟರು. ಟಿಕೆಟ್ ಹರಿದ ಕೈಯಲ್ಲಿ ಚಿಮುಟ. ಪಕ್ಕದಲ್ಲಿ ನಿಂತು ಅಕ್ಕ ಎಡಕ್ಕೆ, ಇನ್ನೂ ಎಡಕ್ಕೆ ಎನ್ನುತ್ತಿದ್ದಳು. ನನ್ನನ್ನು ಕಂಡದ್ದೇ ಅವಳ ಕೈಗಳು ಬೆನ್ನ ಹಿಂದೆ.

ನಾನು ಅಮ್ಮನ ಮಗ ಹೌದೋ ಅಲ್ಲವೋ, ಇವತ್ತು ಇತ್ಯರ್ಥವಾಗಲಿ ಎಂದು ಗುಡುಗಿದೆ. ಭಾವನ ಚಿಮುಟ ನೆಲಕ್ಕೆ ಬಿತ್ತು.

"ಮಗನೇ ಕಣೋ, ಕೂಗಬೇಡ," ಎಂದಳು ಅಕ್ಕ. "ಆ ಕಡ್ಡಿ ನನ್ನದಲ್ಲ. ನಿನ್ನ ಭಾವನ ಬಾಯಲ್ಲಿ ಆಡಿಸಿದ್ದು."

ಕೈ ಮುಂದೆ ಚಾಚಿದಳು. ಗೆಣ್ಣುಗಳೆಲ್ಲ ಊದಿ ಕೆಂಪು. ಒಂದು ವರ್ಷದಿಂದ ಹೀಗಂತೆ. ಫಾರ್ಮಿನಲ್ಲಿ ಆರೋಗ್ಯವಾಗಿದ್ದೇನೆ ಎಂದು ಬರೆದಿದ್ದಳು. ಕಡ್ಡಿ ನೋಡಿದರೆ ರೋಗ ಬಯಲಾಗುತ್ತದೆ, ಸುದ್ದಿ ಅಂಗಡಿಯ ಮಾಲೀಕರಿಗೆ ಮುಟ್ಟುತ್ತದೆ ಎಂಬ ಭಯ. ಕಡ್ಡಿ ರೋಗವನ್ನು ಹೇಳುವುದಿಲ್ಲ, ತಾಯಿಯನ್ನು ಹೇಳುತ್ತದೆ ಎಂದೆ.

"ಬೆರಳು ಹೋದ್ರೆ ನನ್ನ ಹತ್ತಿರ ಇನ್ನೇನಿದೆಯೋ?"

ಔಷಧಿ ಶುರುಮಾಡಲು ನಾನು ಎರಡು ವರ್ಷ ತಡಮಾಡಿದೆ. ಬಾಗಿದ ಬೆರಳು ಮತ್ತೆ ನೆಟ್ಟಗಾಗಲಿಲ್ಲ. ಅವಳದು ಇನ್ನೂ ಬಾಗಿಲ್ಲ.

ಸಂಜೆ 6

ನಾಳೆಯೇ ಡಾಕ್ಟರಮ್ಮನಿಗೆ ಕೈ ತೋರಿಸೋಣ ಎಂದದ್ದಕ್ಕೆ ತಕ್ಷಣ ಒಪ್ಪಿದಳು. ಒಂಬತ್ತಕ್ಕೆ ಬಾ ಎಂದಳು. ಇಷ್ಟು ಸಲೀಸಾಗಿ ಒಪ್ಪುವ ಜೀವವಲ್ಲ ಅದು... ಅಂಗಡಿ ತೆರೆಯುವುದು ಎಂಟೂವರೆಗೆ!

ಆಗಲಿ. ನಾಳೆ ಬೆಳಿಗ್ಗೆ ಏಳಕ್ಕೇ ಅವಳ ಬಾಗಿಲಲ್ಲಿ ನಿಲ್ಲುತ್ತೇನೆ. ಬೆರಳು ಮಡಚದಿದ್ದರೆ ಮೊಣಕೈಯಿಂದ ತಟ್ಟುತ್ತೇನೆ. ತೆಗೆಯದಿದ್ದರೆ ಹಿತ್ತಿಲ ಬಾಗಿಲಿಗೆ ಹೋಗಿ ನಿಲ್ಲುತ್ತೇನೆ.