ಅಮ್ಮನ ಬೆರಳೂ ಹೊಸ ಪೆಟ್ಟಿಗೆಯೂ

ಗುರುವಾರ, ಮಾರ್ಚ್ ೧೨

ಪ್ರೀತಿಯ ಅಕ್ಕ,

ಹೇಗಿದ್ದೀಯ? ಭಾವನ ಕೆಮ್ಮು ಹೋಯಿತೇ? ನಿನ್ನ ಪತ್ರಗಳಿಗೆ ಉತ್ತರಿಸದೆ ಕೂತಿದ್ದಕ್ಕೆ ಬೈಯುವುದಾದರೆ ಇದನ್ನು ಪೂರ್ತಿ ಓದಿ ಆಮೇಲೆ ಬೈ. ಈ ಕಾಗದಕ್ಕೂ ಕೂತು ಕೂತು ಎದ್ದಿದ್ದೇನೆ. ನಲ್ಲಿ ತೊಟ್ಟಿಕ್ಕುತ್ತಿದೆಯೆಂದು ಒಮ್ಮೆ, ಯಾರೋ ಬಾಗಿಲು ತಟ್ಟಿದಂತಾಯಿತೆಂದು ಒಮ್ಮೆ, ಆಮೇಲೆ ಸುಮ್ಮನೆ.

ಅಮ್ಮ ಮತ್ತೆ ನೃತ್ಯಶಾಲೆಗೆ ನುಡಿಸಲು ಹೋಗುತ್ತಿದ್ದಾಳೆ. ಬಲ ಮಣಿಕಟ್ಟಿನ ಆಪರೇಷನ್ ಆದಮೇಲೆ ಕಿರುಬೆರಳಿಗೂ ಉಂಗುರಬೆರಳಿಗೂ ಬಲವಿಲ್ಲವೆಂದು ಬರೆದಿದ್ದೆನಲ್ಲ, ಮನೆಯಲ್ಲಿ ಅದು ತೊಂದರೆಯೇ ಆಗಲಿಲ್ಲ. ಅವಳ ಕೀಬೋರ್ಡಿನಲ್ಲಿ ಸ್ಪರ್ಶವನ್ನು ‘ಹಗುರ’ಕ್ಕೆ ಇಟ್ಟರೆ ಮೆಲ್ಲಗೆ ಒತ್ತಿದರೂ ಸ್ವರ ತುಂಬಿ ಬರುತ್ತದೆ. ಹಾಗೆ ಇಟ್ಟುಕೊಂಡು ಹಿಗ್ಗಿ ಹೀರೇಕಾಯಿಯಾಗಿ ಹೊರಟಳು.

ಅಲ್ಲಿ ನೋಡಿದರೆ ಹೊಸ ಪೆಟ್ಟಿಗೆ, ಕೀಲಿಗಳಿಲ್ಲದೆ ದನಿ ಮಾತ್ರ ಇರುವಂಥದ್ದು. ಒಳ್ಳೆಯ ಪಿಯಾನೋ ದನಿಗೆಂದು ಚಿಟಿಕೆ ಮೇಡಂ ತರಿಸಿದ್ದು. (ನೃತ್ಯ ಕಲಿಸುವವರು. ತಾಳಕ್ಕೆ ಚಿಟಿಕೆ ಹೊಡೆಯುತ್ತಲೇ ಇರುತ್ತಾರೆ, ಹೆಸರು ನನ್ನದೇ.) ಅಮ್ಮ ಒಯ್ದ ಕೀಬೋರ್ಡಿನಿಂದ ಅದಕ್ಕೊಂದು ಮಿಡಿ ಕೇಬಲ್. ಒತ್ತುವುದು ಇಲ್ಲಿ, ನುಡಿಯುವುದು ಅಲ್ಲಿ. ಮೊದಲ ತಾಲೀಮಿನಲ್ಲೇ ಆ ಎರಡು ಬೆರಳಿನ ಸ್ವರಗಳು ಕೇಳಿಸಲೇ ಇಲ್ಲ. ಹಾಡು ಹಲ್ಲುದುರಿದ ಬಾಯಿಯಂತಾಯಿತು, ಮಕ್ಕಳು ಹೆಜ್ಜೆ ತಪ್ಪಿದರು.

“ಪರವಾಗಿಲ್ಲ ಬಿಡಿ, ಪ್ರದರ್ಶನಕ್ಕೆ ರೆಕಾರ್ಡ್ ಹಾಕಿಬಿಡೋಣ,” ಎಂದರು ಮೇಡಂ. ಅವರ ದನಿಯಲ್ಲಿ ಕರುಣೆಯಿತ್ತು. ಅದೇ ತಪ್ಪಾಯಿತು.

“ಹಾಕಿ. ಹಾಗೇ ನನ್ನನ್ನೂ ರೆಕಾರ್ಡ್ ಮಾಡಿ ಕಪಾಟಲ್ಲಿ ಇಟ್ಟುಬಿಡಿ,” ಎಂದಳು ಅಮ್ಮ.

ಮೇಡಂ ನಗಲೋ ಬೇಡವೋ ಎಂದು ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. ಕೊನೆಗೆ ಸೋಮವಾರದವರೆಗೆ ಗಡುವು ಕೊಟ್ಟರು. ಅಷ್ಟರಲ್ಲಿ ಸರಿಹೋಗದಿದ್ದರೆ ರೆಕಾರ್ಡೇ.

ಪೆಟ್ಟಿಗೆ ಮಾರಿದ ಅಂಗಡಿಯವನಿಗೆ ಫೋನ್ ಮಾಡಿದರೆ, “ಕೇಬಲ್ ಬದಲಾಯಿಸಿ ನೋಡಿ” ಎಂದ. ಬದಲಾಯಿಸಿದೆ. ಎಲ್ಲಿದ್ದೆಯೋ ಅಂದರೆ ಅಲ್ಲೇ ಇದ್ದೆ. ಕೊನೆಗೆ ಕೈಪಿಡಿ ಹಿಡಿದು ಕೂತೆ. ಸಾಹಿತ್ಯ ಓದಿದವಳಿಗೆ ಕೆಲಸ ಸಿಗದಿದ್ದರೂ ಯಾವ ನೀರಸ ಗದ್ಯವನ್ನಾದರೂ ಮುಗಿಸುವ ತಾಳ್ಮೆ ಸಿಕ್ಕಿರುತ್ತದೆ. ವಿಷಯ ಇಷ್ಟೇ: ನಮ್ಮ ಕೀಬೋರ್ಡಿನ ‘ಹಗುರ’ ಅದರ ಸ್ವಂತ ದನಿಗೆ ಮಾತ್ರ. ಕೇಬಲಿನಲ್ಲಿ ದನಿ ಹೋಗುವುದಿಲ್ಲ. ಯಾವ ಕೀಲಿ, ಎಷ್ಟು ಜೋರಾಗಿ ಎಂಬ ಸುದ್ದಿ ಮಾತ್ರ ಹೋಗುತ್ತದೆ, ಅದೂ ಇದ್ದದ್ದು ಇದ್ದ ಹಾಗೆ. ಬೆರಳು ಸೋತಿದ್ದರೆ ಸೋತಿದೆ ಎಂದೇ. ಆ ಸುದ್ದಿಯನ್ನು ಹೇಗೆ ಕೇಳಿಸಿಕೊಳ್ಳಬೇಕೆಂದು ಹೊರಗಿನ ಪೆಟ್ಟಿಗೆಗೆ ಬೇರೆಯಾಗಿಯೇ ಹೇಳಿಕೊಡಬೇಕು.

ಮೊದಲು ‘ಒಂದೇ ಸಮ’ ಎಂದು ಇಟ್ಟೆ. ಹೇಗೆ ಒತ್ತಿದರೂ ಅಷ್ಟೇ ಜೋರು. ಮೇಡಂಗೆ ಖುಷಿಯೋ ಖುಷಿ. ಅಮ್ಮ ನಾಲ್ಕು ಸಾಲು ನುಡಿಸಿ ಕೈ ತೆಗೆದಳು. “ಇದು ಟೈಪ್ ಹೊಡೆಯೋದು ಕಣೇ. ಬೇರೆ ಇಡು.”

‘ಹಗುರ’ಕ್ಕೆ ಇಟ್ಟೆ. ಸೋತ ಬೆರಳುಗಳೇನೋ ಮಾತಾಡಿದವು, ಮಿಕ್ಕ ಎಂಟು ಕಿರುಚತೊಡಗಿದವು. ಪೆಟ್ಟಿಗೆಗೆ ಬೆರಳಿನ ಗುರುತಿಲ್ಲವಲ್ಲ, ಎಲ್ಲಕ್ಕೂ ಒಂದೇ ಅಳತೆ.

“ಎರಡು ಬೆರಳಿಗೋಸ್ಕರ ಎಂಟು ತಗ್ಗಿ ನಡೀಬೇಕು, ಅಷ್ಟೇ ತಾನೇ? ಮನೆ ನಡೆಸಿದವಳಿಗೆ ಅದೇನು ಹೊಸದಾ?” ಎಂದಳು ಅಮ್ಮ.

ಎರಡೇ ದಿನದಲ್ಲಿ ಸಾಧಿಸಿಬಿಟ್ಟಳು ಅಕ್ಕ! ಸೋಮವಾರ ಹಾಡು ಉಸಿರಾಡುವಂತೆ ಏರಿತು, ಇಳಿಯಿತು. ಮೇಡಂ ಚಿಟಿಕೆ ಹೊಡೆಯುವುದನ್ನೇ ಮರೆತು, “ಎಡಗೈ ಎಷ್ಟು ಹದವಾಗಿ ತಗ್ಗಿದೆ ನೋಡಿ!” ಎಂದರು. ಅಮ್ಮನೇ ನುಡಿಸುವುದೆಂದು ಗಟ್ಟಿಯಾಯಿತು. ಪ್ರದರ್ಶನ ತಿಂಗಳ ಕೊನೆಗೆ. ಬಂದರೆ ಮುಂದಿನ ಸಾಲಿನಲ್ಲೇ ಜಾಗ ಹಿಡಿದಿಡುತ್ತೇನೆ.

ನಿನಗೆ ಅಮ್ಮನ ಆಶೀರ್ವಾದ ತಿಳಿಸಬೇಕಂತೆ. ಭಾವನಿಗೆ ಬಿಸಿನೀರು ಕುಡಿಯಲು ಹೇಳಬೇಕಂತೆ. ‘ನನ್ನ ಕೈ ಚೆನ್ನಾಗಿದೆ’ ಎಂದು ದೊಡ್ಡಕ್ಷರದಲ್ಲಿ ಬರೆಯಬೇಕಂತೆ. ಬರೆದಿದ್ದೇನೆ.

ನಿನ್ನ
ಗೂಬೆಮರಿ

ಮರೆತ ಮಾತು: ಮರೆತದ್ದಲ್ಲ. ಇದನ್ನು ಬರೆಯಲಾಗದೆಯೇ ಇಷ್ಟು ಸಲ ಎದ್ದದ್ದು. ನಿನ್ನೆ ತಾಲೀಮು ಮುಗಿದ ಮೇಲೆ ಪೆಟ್ಟಿಗೆ ಆರಿಸಲು ಹೋದೆ. ನಾನು ‘ಹಗುರ’ಕ್ಕೆ ಇಟ್ಟಿದ್ದು ‘ಅತಿ ಹಗುರ’ದಲ್ಲಿತ್ತು. “ನಾನೇ ಬದಲಾಯಿಸಿದೆ. ಮೇಡಂಗೆ ಹೇಳಬೇಡ, ಅಕ್ಕನಿಗಂತೂ ಬೇಡ,” ಎಂದಳು ಅಮ್ಮ. ಆ ಎರಡು ಬೆರಳು ಇನ್ನಷ್ಟು ಸೋತವೇ ಎಂದು ಕೇಳಿದೆ. ಅಲ್ಲವೆಂದು ತಲೆಯಾಡಿಸಿ ಎಡಗೈ ಮುಂದೆ ಚಾಚಿದಳು. ಆಪರೇಷನ್ ಆಗದ ಕೈ, ಚೆನ್ನಾಗಿದ್ದ ಕೈ. ಅವಳು ಅದನ್ನು ತಗ್ಗಿಸಿ ನುಡಿಸುತ್ತಿಲ್ಲ ಅಕ್ಕ. ಅದಕ್ಕೆ ಈಗ ಅಷ್ಟೇ ಆಗುವುದು. ಡಾಕ್ಟರ ಹತ್ತಿರ ಹೋಗೋಣವೆಂದರೆ ಪ್ರದರ್ಶನ ಮುಗಿಯಲಿ ಎನ್ನುತ್ತಾಳೆ. ನನ್ನ ಮಾತು ಕೇಳುವುದಿಲ್ಲ, ನಿನ್ನದಾದರೆ ಕೇಳಿಯಾಳು. ಪ್ರದರ್ಶನಕ್ಕೆಂದು ಕಾಯಬೇಡ, ಈಗಲೇ ಹೊರಡು. ಆ ಪೆಟ್ಟಿಗೆಯಲ್ಲಿ ‘ಅತಿ ಹಗುರ’ದ ಆಚೆಗೆ ಇನ್ನೊಂದಿಲ್ಲ.